ಗಾಲಿಯ ಮೇಲಣ ಸಂಸಾರ

ಕಳೆದ ಸಂಚಿಕೆಯಲ್ಲಿ ಅಟ್ಟದ ಮೇಲಿನ ಹಳೆಯ ಸಾಮಾನುಗಳ ವಿಚಾರವಾಗಿ ನಾನು ಬರೆದುದನ್ನು ನೋಡಿ ಇಬ್ಬರು ಮೂವರು ವಾಚಕರು ಕಾಗದ ಬರೆದಿರುತ್ತಾರೆ. ಇಡತಕ್ಕುದೇನು, ಬಿಡತಕ್ಕುದೇನು ಎಂಬುದನ್ನು ಹೇಳದೆ ಬರಿಯ ಧೂಳನ್ನು ವರ್ಣಿಸಿ ಮುಗಿಸಿದಿರಲ್ಲ ಎಂದು ಅವರ ಆಕ್ಷೇಪಣೆ. ಆಕ್ಷೇಪಣೆ ನ್ಯಾಯವಾದುದೇ. ಆದರೆ ನೆಲಕ್ಕೆ ಊರಿದ ಮನೆಯಲ್ಲಿರುವ ನಮಗೆ ಈ ಪ್ರಶ್ನೆ ಎಂದೂ ಕಡೆಯವರೆಗೆ ಬಂದು ನಿಲ್ಲುವುದಿಲ್ಲ. ಅಟ್ಟ ತುಂಬಿದರೆ ಮಂಚದ ಕೆಳಗೆ, ಅದೂ ತುಂಬಿದರೆ ಹಿತ್ತಿಲ ಕೊಟ್ಟಿಗೆಗೆ, ಹೀಗೆ ಮುಂದೂಡುತ್ತ ಒಂದು ಆಯುಷ್ಯವನ್ನೇ ಕಳೆಯಬಹುದು. ಹಾಗೆ ಮುಂದೂಡುವುದಕ್ಕೆ ಎಡೆಯೇ ಇಲ್ಲದ ಒಂದು ಸಂಸಾರವನ್ನು ನಾನು ೨೦೨೩ನೆಯ ಇಸವಿಯ ಬೇಸಗೆಯಲ್ಲಿ ಕಣ್ಣಾರೆ ಕಂಡು ಬಂದೆನು. ಅದು ನನ್ನ ಅಕ್ಕನ ಸಂಸಾರ. ಅದರ ಕಥೆಯನ್ನೇ ಈ ತಿಂಗಳು ವಾಚಕರ ಮುಂದಿಡುತ್ತೇನೆ.

ಅಕ್ಕ ಭಾವಂದಿರು ೧೯೮೬ರಲ್ಲಿ ಅಮೆರಿಕಕ್ಕೆ ಹೋದವರು. ಮಿಷಿಗನ್ ಸಂಸ್ಥಾನದಲ್ಲಿ, ಮೋಟಾರು ಕಾರುಗಳ ಉದ್ಯಮಕ್ಕೆ ಹೆಸರಾದ ಡೆಟ್ರಾಯಿಟ್ ನಗರದ ಹೊರವಲಯದಲ್ಲಿ ಅವರ ಮನೆ. ಭಾವನವರು ಎಂಜಿನಿಯರಾಗಿ ದುಡಿದು ನಿವೃತ್ತರಾದರು. ಒಂದೇ ಮನೆಯಲ್ಲಿ ೨೯ ವರ್ಷ ಬಾಳಿದುದಾಯಿತು. ಒಬ್ಬಳೇ ಮಗಳು ದೂರದ ಸಿಯಾಟಲ್ ಪಟ್ಟಣದಲ್ಲಿ ಎರಡು ಕೋಣೆಗಳ ಬಾಡಿಗೆಯ ಮನೆಯಲ್ಲಿದ್ದಾಳೆ. ಹೀಗಿರಲಾಗಿ, ಕೈಕಾಲು ಗಟ್ಟಿಯಾಗಿರುವಾಗಲೇ ಆ ವಿಶಾಲವಾದ ದೇಶವನ್ನು ನೋಡಿಬಿಡಬೇಕೆಂದು ದಂಪತಿಗಳು ನಿಶ್ಚಯಿಸಿದರು. ಯಾತ್ರಿಕರಂತೆ ಹೋಗಿ ಬರುವುದಲ್ಲ; ಇದ್ದ ಮನೆಯನ್ನು ಮಾರಿ, ಗಾಲಿಗಳುಳ್ಳ ಮನೆಯೊಂದನ್ನು ಕೊಂಡು, ವರ್ಷದ ೧೨ ತಿಂಗಳೂ ಅದರಲ್ಲಿಯೇ ವಾಸಮಾಡುವುದು. ನಾನು ಶಾಲೆಯ ಕೆಲಸದಿಂದ ಅದೇ ತಾನೆ ಬಿಡುವು ಪಡೆದಿದ್ದೆನು. “ಬಾರಪ್ಪಾ, ಮೂರು ತಿಂಗಳು ಇದ್ದು ಹೋಗು” ಎಂದು ಅಕ್ಕ ಕರೆದಳು. ಪ್ರೀತಿಯಿಂದ ಕರೆದಳೆಂದುಕೊಂಡು ಹೋದೆನು. ಪ್ರೀತಿಯೂ ಇದ್ದಿತು, ಆದರೆ ಸಾಮಾನುಗಳ ವಿಚಾರದಲ್ಲಿ ಗಂಡಹೆಂಡಿರ ನಡುವೆ ಒಬ್ಬ ಮಧ್ಯಸ್ಥ ಬೇಕಾಗಿದ್ದನೆಂಬುದು ಮೂರನೆಯ ದಿನ ತಿಳಿಯಿತು.

ಇಂತಹ ಗಾಡಿಗಳನ್ನು ಅಲ್ಲಿ ‘ಆರ್‌ವಿ’ ಎಂದು ಕರೆಯುತ್ತಾರೆ. ವಿಹಾರಕ್ಕೆಂದು ಮಾಡಿದ ವಾಹನವೆಂದು ಅದರ ಅರ್ಥ. ಕೆಲವಕ್ಕೆ ತಮ್ಮದೇ ಆದ ಎಂಜಿನ್ನಿರುವುದು. ಕೆಲವನ್ನು ಮೋಟಾರಿಗೆ ಕಟ್ಟಿ ಎಳೆಯಬೇಕು. ಈ ಪದ್ಧತಿ ಹೊಸದೇನೂ ಅಲ್ಲ. ವಾಲಿ ಬಯಾಮ್ ಎಂಬಾತನು ೧೯೩೧ರಲ್ಲಿ ‘ಏರ್‌ಸ್ಟ್ರೀಮ್’ ಎಂಬ ಗಾಡಿಗಳ ಉದ್ಯಮವನ್ನು ಆರಂಭಿಸಿದನು. ಬೆಳ್ಳಿಯ ಗುಳಿಗೆಯಂತೆ ಹೊಳೆಯುವ ಆ ಗಾಡಿಗಳು ಈಗಲೂ ತಯಾರಾಗುತ್ತಿವೆ. ಇಂತಹ ಗಾಡಿಗಳ ಸಾಲನ್ನು ಆತನು ೧೯೫೯ರಲ್ಲಿ ಆಫ್ರಿಕ ಖಂಡದ ಕೇಪ್ ಟೌನಿನಿಂದ ಕೈರೋವರೆಗೆ ನಡೆಸಿಕೊಂಡು ಹೋದನೆಂದರೆ ಆ ಜನರ ಹುಚ್ಚು ಎಷ್ಟೆಂಬುದನ್ನು ಊಹಿಸಬಹುದು. ಭಾವನವರು ಕೊಂಡುದು ಟ್ರಕ್ಕಿನಿಂದ ಎಳೆಸತಕ್ಕ ಜಾತಿಯದು. ಉದ್ದ ೩೪ ಅಡಿ. ಅಗಲ ಅಲ್ಲಿಯ ಹೆದ್ದಾರಿಗಳ ನಿಯಮಕ್ಕೆ ಒಳಪಟ್ಟು ಎಂಟೂವರೆ ಅಡಿ. ಗಾಡಿಯ ಮುಂಭಾಗ ಟ್ರಕ್ಕಿನ ಬೆನ್ನ ಮೇಲಿರುವ ಒಂದು ದುಂಡು ಕೊಂಡಿಯ ಮೇಲೆ ಕೂರುತ್ತದೆ. ಆ ಕೊಂಡಿಗೆ ಐದನೆಯ ಗಾಲಿಯೆಂದು ಹೆಸರು, ಅದು ಉರುಳುವ ಗಾಲಿಯಲ್ಲದಿದ್ದರೂ. ಗಾಡಿ ನಿಂತಾಗ ಒಂದು ಪಕ್ಕದ ಗೋಡೆ ಪೆಟ್ಟಿಗೆಯ ಖಾನೆಯಂತೆ ಹೊರಕ್ಕೆ ಸರಿದು ಒಳಗೆ ನಾಲ್ಕು ಜನ ಕೂರುವಷ್ಟು ಸ್ಥಳವಾಗುವುದು. ಅಡಿಗೆಮನೆ, ಸ್ನಾನದ ಕೋಣೆ, ಮಲಗುವ ಕೋಣೆ ಎಲ್ಲವೂ ಉಂಟು. ದೇವರ ಮನೆ ಮಾತ್ರ ಇರಲಿಲ್ಲ. ಬಟ್ಟಲಿಡುವ ಒಂದು ಗೂಡನ್ನು ಅಕ್ಕ ಮೊದಲನೆಯ ದಿನವೇ ಅದಕ್ಕೆಂದು ಹಿಡಿದಿಟ್ಟಳು.

ನನ್ನ ಹಳೆಯ ಅಭ್ಯಾಸದಂತೆ ನಾನು ಶಬ್ದದಿಂದ ಆರಂಭಿಸಿದೆನು. ‘ಗೃಹ’ವೆಂಬುದನ್ನು ನಮ್ಮ ವೈಯಾಕರಣರು ಹಿಡಿಯುವುದೆಂಬರ್ಥದ ‘ಗ್ರಹ್’ ಧಾತುವಿನಿಂದ ಸಾಧಿಸುವರು. ‘ಪರಿಗ್ರಹ’ವೆಂದರೆ ಸುತ್ತಲೂ ಕೂಡಿಟ್ಟುಕೊಳ್ಳುವುದು, ಅದೂ ಅದೇ ಧಾತುವಿನ ಸಂತಾನ. ಮನೆಯೆಂದ ಮೇಲೆ ಕೂಡಿಡುವಿಕೆ ಅದರ ಒಡಹುಟ್ಟೆಂದು ಇದರಿಂದ ತಿಳಿಯಬಹುದೆಂದೂ, ಅಮರಕೋಶದಲ್ಲಿ ‘ಪರಿಗ್ರಹ’ಕ್ಕೆ ಪತ್ನಿಯೆಂಬ ಅರ್ಥವೂ ಉಂಟೆಂದೂ ಊಟದ ಹೊತ್ತಿನಲ್ಲಿ ವಿವರಿಸಿದೆನು. “ಹಾಗಾದರೆ ಮೊದಲು ಯಾವುದನ್ನು ಇಳಿಸಬೇಕೆಂಬುದನ್ನು ಕೋಶವೇ ಹೇಳಿಬಿಟ್ಟಿತಲ್ಲ, ಮೇಷ್ಟ್ರೇ!” ಎಂದು ಭಾವನವರು ನಕ್ಕರು. ಅಕ್ಕ ಹುಳಿಯ ಸೌಟನ್ನು ಹಿಡಿದುಕೊಂಡೇ, “ತಕ್ಕಡಿ ತನ್ನಿ, ಮೊದಲು ನಿಮ್ಮನ್ನು ತೂಗೋಣ” ಎಂದಳು. ಅಲ್ಲಿಗೆ ವ್ಯಾಕರಣ ಮುಗಿಯಿತು, ತಕ್ಕಡಿಯ ಅಧ್ಯಾಯ ಆರಂಭವಾಯಿತು.

ಈ ತೂಕದ ಸಂಗತಿಯನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು. ಏಕೆಂದರೆ ಗಾಲಿಯ ಮನೆಯ ನಿಜವಾದ ಯಜಮಾನ ಅದೇ. ನಾನು ಸ್ಥಳದ ಅಭಾವವೇ ದೊಡ್ಡ ತೊಡಕೆಂದು ತಿಳಿದಿದ್ದೆನು. ಗಾಡಿಯೊಳಗೆ ಹೊಕ್ಕು ನೋಡಿದರೆ ಗೂಡುಗಳು, ಮಂಚದ ಕೆಳಗಿನ ಪೆಟ್ಟಿಗೆಗಳು, ಹೊರಗಡೆಯಿಂದ ತೆಗೆಯುವ ಉಗ್ರಾಣ, ಎಲ್ಲಿ ನೋಡಿದರೂ ಬಾಗಿಲು. ಇಷ್ಟು ಸ್ಥಳವಿರುವಲ್ಲಿ ಚಿಂತೆಯೇನೆಂದು ಕೇಳಿದೆನು. ಭಾವನವರು ನನ್ನನ್ನು ಬಾಗಿಲ ಬಳಿಗೆ ಕರೆದೊಯ್ದು ಅಲ್ಲಿ ಅಂಟಿಸಿದ್ದ ಒಂದು ಚೀಟಿಯನ್ನು ತೋರಿಸಿದರು. ಗಾಡಿಯಲ್ಲಿ ಎಷ್ಟು ಭಾರಕ್ಕೆ ಮೇಲ್ಪಟ್ಟು ಹೇರಬಾರದೆಂಬುದನ್ನು ಹೀಗೆ ಚೀಟಿಯಲ್ಲಿ ತೋರಿಸಬೇಕೆಂದು ಆ ದೇಶದ ಕೇಂದ್ರ ಸರಕಾರದ ನಿಯಮವುಂಟು. ಭಾವನವರ ಗಾಡಿ ಎಲ್ಲವೂ ಸೇರಿ ೧೪,೦೦೦ ಪೌಂಡನ್ನು ಮೀರಬಾರದು. ಬರಿಯ ಗಾಡಿಯೇ ೧೧,೭೦೦ ಪೌಂಡು. ಉಳಿದುದು ೨,೩೦೦. ಅದರಲ್ಲಿ ನೀರಿನ ತೊಟ್ಟಿ ತುಂಬಿದರೆ ೬೦ ಗ್ಯಾಲನ್ನು, ಗ್ಯಾಲನ್ನಿಗೆ ೮.೩ ಪೌಂಡಿನಂತೆ ಸುಮಾರು ೫೦೦ ಪೌಂಡು ನೀರೇ ಆಯಿತು. ಇನ್ನುಳಿದುದು ೧,೮೦೦ ಪೌಂಡು, ಎಂದರೆ ನಮ್ಮ ಲೆಕ್ಕದಲ್ಲಿ ೮೧೬ ಕಿಲೋ. ಇಬ್ಬರ ಬಟ್ಟೆಬರೆ, ಪಾತ್ರೆಪಡಗ, ಅಕ್ಕಿಬೇಳೆ, ಹಾಸಿಗೆಯ ಹೊದಿಕೆ, ಕುರ್ಚಿ, ಪುಸ್ತಕ, ದೇವರು, ಎಲ್ಲವೂ ಈ ೧,೮೦೦ರೊಳಗೆ.

ಮಿತಿಮೀರಿ ಹೇರಿದರೆ ಆಗುವುದೇನು? ಮೊದಲು ಟಯರುಗಳು ಬಿಸಿಯಾಗಿ ಸಿಡಿಯುವುವು; ಅಚ್ಚು ನಲುಗುವುದು; ಇಳುಕಲಿನಲ್ಲಿ ಬ್ರೇಕು ಹಿಡಿಯಲಾರದು. ಸಾಲದುದಕ್ಕೆ, ಗಾಡಿಯ ಭಾರದಲ್ಲಿ ಹೆಚ್ಚು ಕಡಿಮೆ ಐದರಲ್ಲೊಂದು ಪಾಲು ಟ್ರಕ್ಕಿನ ಬೆನ್ನ ಮೇಲೆಯೇ ಕೂರುವುದರಿಂದ, ‘ಹೆಚ್ಚಾದುದನ್ನು ಟ್ರಕ್ಕಿಗೆ ಹಾಕಿಕೊಳ್ಳೋಣ’ ಎಂಬ ಉಪಾಯವೂ ಬಹು ದೂರ ನಡೆಯುವುದಿಲ್ಲ. ಭಾರವನ್ನು ಎಡಬಲಗಳಿಗೆ ಸಮನಾಗಿ ಹಂಚಬೇಕು, ಗಟ್ಟಿಯಾದುದನ್ನು ಕೆಳಗಿಡಬೇಕು. ಮನೆಯಲ್ಲಿ ನಾವು ಒಂದು ಹಂಡೆಯನ್ನು ಮೂಲೆಯಿಂದ ಮೂಲೆಗೆ ಸರಿಸಿದರೆ ಮನೆ ವಾಲುವುದಿಲ್ಲ.

ಹೀಗೆ ಸ್ನಾನದ ಕೋಣೆಯ ತೂಕದ ಯಂತ್ರ ನಡುಮನೆಗೆ ಬಂದಿತು. ಭಾವನವರು ಅಂಕಣಗಳನ್ನು ಗೀರಿ ಒಂದು ಪುಸ್ತಕವನ್ನು ತೆರೆದರು. ಪ್ರತಿ ಪೆಟ್ಟಿಗೆಗೂ ತೂಕ. ಅಕ್ಕನ ರುಬ್ಬುವ ಯಂತ್ರ ೨೭ ಪೌಂಡು. “ಬೇಡ” ಎಂದು ಷರಾ. ರೇಷ್ಮೆಯ ಸೀರೆಗಳ ಪೆಟ್ಟಿಗೆ ೬೨ ಪೌಂಡು, “ಬೇಡ”. ಹಿತ್ತಾಳೆಯ ಚಕ್ಕುಲಿ ಒರಳು, “ಬೇಡ”. ಅಕ್ಕನ ಮುಖ ಸಣ್ಣದಾಗುತ್ತ ಬಂದಿತು. ಎರಡನೆಯ ದಿನ ಅವಳು ಮಾತನಾಡದೆ ಕಾರಿನ ಕೊಟ್ಟಿಗೆಗೆ ಹೋಗಿ, ಭಾವನವರ ಕೈಸಲಕರಣೆಗಳ ಕೆಂಪು ಪೆಟ್ಟಿಗೆಗಳನ್ನು ಒಂದೊಂದಾಗಿ ನನ್ನಿಂದ ಹೊರಿಸಿ ತಂದು ಯಂತ್ರದ ಮೇಲಿಡಿಸಿದಳು. ಕೂಡಿಸಿದರೆ ೨೧೦ ಪೌಂಡು! ಪುಸ್ತಕದಲ್ಲಿ ಅವುಗಳ ಹೆಸರೇ ಇರಲಿಲ್ಲ. “ಅದು ಬೇಕೇ ಬೇಕಾದುದು, ಅದಕ್ಕೆ ಬರೆದಿಲ್ಲ” ಎಂದರು ಭಾವನವರು. ನಾನು ೩೪ ವರ್ಷ ಹುಡುಗರ ಲೆಕ್ಕ ತಿದ್ದಿದವನು; ಇಂತಹ ಉತ್ತರವನ್ನು ಬಹಳ ಕೇಳಿದ್ದೇನೆ.

ಮಧ್ಯಸ್ಥನಾಗಿ ನಾನು ಮಾಡಿದ ತೀರ್ಪು ಒಂದೇ. ಒಬ್ಬರ ವಸ್ತುವನ್ನು ಮತ್ತೊಬ್ಬರು ‘ಬೇಡ’ವೆನ್ನಕೂಡದು. ೧,೮೦೦ರಲ್ಲಿ ಅಡಿಗೆ, ಹಾಸಿಗೆ, ಔಷಧ ಮುಂತಾದ ಇಬ್ಬರಿಗೂ ಸೇರಿದುದಕ್ಕೆ ೧,೨೦೦ ಪೌಂಡನ್ನು ತೆಗೆದಿಟ್ಟು, ಉಳಿದ ೬೦೦ನ್ನು ಸಮನಾಗಿ ಹಂಚಿಕೊಂಡು, ತನ್ನ ೩೦೦ರಲ್ಲಿ ಯಾರು ಏನನ್ನು ಹೊತ್ತರೂ ಇನ್ನೊಬ್ಬರು ಬಾಯಿ ಹಾಕಬಾರದು. ಅಕ್ಕ ಕೂಡಲೇ ಒಪ್ಪಿದಳು. ಭಾವನವರು ಒಂದು ರಾತ್ರಿ ಯೋಚಿಸಿ ಒಪ್ಪಿ, ಮರುದಿನ ತಾವೇ ಕುಳಿತು ೨೧೦ ಪೌಂಡಿನ ಸಲಕರಣೆಯನ್ನು ೮೫ಕ್ಕೆ ಇಳಿಸಿದರು. ಸ್ವಂತ ಖಾತೆಗೆ ಬಂದಾಗ ಸುತ್ತಿಗೆಗಳು ಐದೇಕೆ ಎಂಬ ಪ್ರಶ್ನೆ ತಾನಾಗಿಯೇ ಹುಟ್ಟಿತು.

ಅಡಿಗೆಯ ಸಾಮಾನಿನ ವಿಷಯದಲ್ಲಿ ಅಕ್ಕ ಕಂಡುಕೊಂಡ ಉಪಾಯ ನನಗೆ ಬಹಳ ಹಿಡಿಸಿತು. ಮನೆ ಇನ್ನೂ ಮಾರಾಟವಾಗಿರಲಿಲ್ಲ. ಗಾಡಿಯನ್ನು ೬ ಮೈಲಿ ದೂರದ ಒಂದು ತಂಗುದಾಣದಲ್ಲಿ ನಿಲ್ಲಿಸಿ, ಜೂನ್ ತಿಂಗಳು ಪೂರ್ತಿ ಅದರಲ್ಲಿಯೇ ಸಂಸಾರ ಹೂಡಿದರು. ಬರಿಗೈಯಲ್ಲಿ ಹೋಗುವುದು, ಏನಾದರೂ ಬೇಕೆನಿಸಿದರೆ ಮನೆಗೆ ಬಂದು ಅದೊಂದನ್ನೇ ಕೊಂಡೊಯ್ಯುವುದು, ತಿಂಗಳು ಮುಗಿದಾಗ ತರದೆ ಉಳಿದುದು ಉಳಿಯಿತು. ಮೊದಲನೆಯ ದಿನವೇ ಸಾರಿನ ಪಾತ್ರೆಗೂ ಇಕ್ಕಳಕ್ಕೂ ಓಡಿ ಬಂದರು. ನಾಲ್ಕನೆಯ ದಿನ ಒತ್ತಡದ ಕುಕ್ಕರು, ದೋಸೆಯ ಕಾವಲಿ. ಎರಡನೆಯ ವಾರ ಅಮ್ಮನ ಈಳಿಗೆಮಣೆ. ಇದನ್ನು ಭಾವನವರು ಅನಾವಶ್ಯಕವೆಂದು ಮೊದಲೇ ತೀರ್ಮಾನಿಸಿದ್ದರು. ಆದರೆ ಕಾಯಿ ತುರಿಯುವುದಕ್ಕೂ ಸೊಪ್ಪು ಹೆಚ್ಚುವುದಕ್ಕೂ ಅದೊಂದೇ ಸಾಕಾದುದರಿಂದ ಮೂರು ಬೇರೆ ಸಲಕರಣೆಗಳು ಮನೆಯಲ್ಲಿಯೇ ಉಳಿದುವು. ಮೂವತ್ತು ದಿನಗಳಲ್ಲಿ ತಂದುದು ೪೧ ವಸ್ತುಗಳು. ಮನೆಯ ಅಡಿಗೆಕೋಣೆಯಲ್ಲಿದ್ದ ಪಾತ್ರೆಗಳನ್ನು ನಾನು ಎಣಿಸತೊಡಗಿ ೩೦೦ಕ್ಕೆ ನಿಲ್ಲಿಸಿದೆನು. ಬೇಳೆ ರುಬ್ಬುವ ಯಂತ್ರವನ್ನು ಕೇಳಿಕೊಂಡು ಅಕ್ಕ ಆ ತಿಂಗಳಲ್ಲಿ ಬರಲಿಲ್ಲ. ಸಣ್ಣ ಮಿಕ್ಸಿಯಲ್ಲಿಯೇ ಕಾಲ ಹಾಕಿದಳು. ಯಂತ್ರವನ್ನು ನೆರೆಯ ತೆಲುಗು ಮನೆಯವರಿಗೆ ಕೊಟ್ಟಳು. ಇಡ್ಲಿ ಮೊದಲಿನಂತೆ ಆಗುವುದಿಲ್ಲವೆಂಬುದು ನಿಜ. ಅದನ್ನು ತಿಂದವನಾಗಿ ನಾನು ಸಾಕ್ಷಿ ನುಡಿಯಬಲ್ಲೆನು.

ಬಟ್ಟೆಗಳ ವಿಚಾರ ಹೆಚ್ಚು ಹೇಳತಕ್ಕುದಿಲ್ಲ. ಚಳಿಗಾಲದಲ್ಲಿ ದಕ್ಷಿಣಕ್ಕೂ ಬೇಸಗೆಯಲ್ಲಿ ಉತ್ತರಕ್ಕೂ ಮನೆಯೇ ನಡೆಯುವುದರಿಂದ ಮಿಷಿಗನ್ನಿನ ಹಿಮಕ್ಕೆಂದು ಕೊಂಡಿದ್ದ ದಪ್ಪ ಅಂಗಿಗಳು ತಲಾ ಒಂದಕ್ಕೆ ಇಳಿದುವು. ಸೀರೆಗಳಲ್ಲಿ ಐದು ಉಳಿದುವು.

ಪುಸ್ತಕಗಳಿಗೆ ಬಂದಾಗ ನನಗೇ ಪೆಟ್ಟು ಬಿದ್ದಿತು. ೧೯೬೦ರಲ್ಲಿ ಜಾನ್ ಸ್ಟೈನ್‌ಬೆಕ್ ಎಂಬ ಆ ದೇಶದ ಪ್ರಸಿದ್ಧ ಕಾದಂಬರಿಕಾರನು ಒಂದು ಟ್ರಕ್ಕಿನ ಮೇಲೆ ಕೋಣೆ ಕಟ್ಟಿಸಿಕೊಂಡು, ತನ್ನ ನಾಯಿಯೊಡನೆ ಅಮೆರಿಕವನ್ನು ಸುತ್ತಿ ಬಂದನು. ಆ ಪ್ರವಾಸದ ಗ್ರಂಥ ೧೯೬೨ರಲ್ಲಿ ಪ್ರಕಟವಾಯಿತು. ತಾನು ಬೇಕಾದುದಕ್ಕಿಂತ ಬಹಳ ಹೆಚ್ಚು ಹೇರಿಕೊಂಡು ಹೊರಟೆನೆಂದೂ, ಓದಬೇಕೆಂದು ಬಹುಕಾಲದಿಂದ ಮುಂದೂಡಿದ್ದ ಪುಸ್ತಕಗಳೇ ೧೫೦ ಪೌಂಡು ಇದ್ದುವೆಂದೂ ಆತನು ಅದರಲ್ಲಿ ಒಪ್ಪಿಕೊಂಡಿದ್ದಾನೆ. ಇದನ್ನು ನಾನು ದೊಡ್ಡ ವಿನೋದವಾಗಿ ಅಕ್ಕನಿಗೆ ಹೇಳುತ್ತ ಅವಳ ಕಪಾಟನ್ನು ತೆರೆದರೆ, ಕೆಳಗಿನ ಎರಡು ಸಾಲು ಪೂರ್ತಿಯಾಗಿ ನಾನೇ ವರ್ಷವರ್ಷವೂ ಕಳುಹಿಸಿದ್ದ ಗ್ರಂಥಗಳು. ‘ಚಿ॥ ಸೌ॥ ಅಕ್ಕನಿಗೆ’ ಎಂದು ನನ್ನ ಕೈಬರಹ. ಒಳಗಣ ಹಾಳೆಗಳು ಅಂಗಡಿಯಿಂದ ಬಂದ ದಿನ ಹೇಗಿದ್ದುವೋ ಹಾಗೆಯೇ. ಮೂರು ಸಂಪುಟದ ಒಂದು ವ್ಯಾಖ್ಯಾನದಲ್ಲಿ ಎರಡನೆಯ ಸಂಪುಟ ಕಿಟಕಿಗೆ ಒತ್ತುಕೊಟ್ಟುದರಿಂದ ಮಾತ್ರ ಸ್ವಲ್ಪ ಸವೆದಿದ್ದಿತು. ಅಕ್ಕ ನನ್ನ ಮುಖವನ್ನು ನೋಡಿ, “ಅದೆಲ್ಲ ನನ್ನ ೩೦೦ರಲ್ಲಿ ಬರಲಿ ಬಿಡೋ” ಎಂದಳು. ಅವಳ ಮನಸ್ಸನ್ನು ನೋಯಿಸದೆ ಬಿಡಿಸಬೇಕಾದವನು ನಾನೇ ಆದೆನು. ನಾನೇ ಅವನ್ನು ಕಟ್ಟು ಕಟ್ಟಿ ಅಲ್ಲಿಯ ಕನ್ನಡ ಬಂಧುಗಳಿಗೆ ಒಪ್ಪಿಸಿದೆನು. ಕೊಟ್ಟವನ ಹೆಸರನ್ನು ನೋಡಿ ವಸ್ತುವನ್ನು ಇಟ್ಟುಕೊಳ್ಳಬೇಕಾದ ಹಂಗಿನಿಂದ ಬಂಧುಗಳನ್ನು ಬದುಕಿರುವಾಗಲೇ ಬಿಡಿಸುವುದು ನಮ್ಮಂಥವರ ಕರ್ತವ್ಯವೆಂದು ಆ ದಿನ ತೋರಿತು. ಊರಿಗೆ ಮರಳಿದ ಮೇಲೆ ನಾಲ್ಕು ಜನ ಸ್ನೇಹಿತರಿಗೆ ಹಾಗೆಯೇ ಹೇಳಿ ಕಳುಹಿಸಿದೆನು. ಇಬ್ಬರು ಆ ವಾರವೇ ಪುಸ್ತಕಗಳನ್ನು ಹಿಂದಿರುಗಿಸಿದರು, ಇಷ್ಟು ಆತುರವನ್ನು ನಾನು ನಿರೀಕ್ಷಿಸಿರಲಿಲ್ಲ.

ಅಲ್ಲಿ ಒಂದು ವಿಚಿತ್ರವಾದ ವ್ಯಾಪಾರವನ್ನು ಕಂಡೆನು. ಊರ ಹೊರಗೆ ಸಾಲುಸಾಲಾಗಿ ತಗಡಿನ ಬಾಗಿಲುಗಳುಳ್ಳ ಕೋಣೆಗಳನ್ನು ಕಟ್ಟಿ, ತಿಂಗಳ ಬಾಡಿಗೆಗೆ ಕೊಡುತ್ತಾರೆ. ಮನುಷ್ಯರು ವಾಸಮಾಡುವುದಕ್ಕಲ್ಲ, ಮನೆಯಲ್ಲಿ ಹಿಡಿಸದ ಸಾಮಾನುಗಳು ವಾಸಮಾಡುವುದಕ್ಕೆ! ಭಾವನವರು ಒಂದು ಕೋಣೆಯನ್ನು ನೋಡಿ ಬಂದಿದ್ದರು. ತಿಂಗಳಿಗೆ ೧೪೦ ಡಾಲರು. ಬೊಂಬೆಗಳು, ಕುರ್ಚಿಗಳು, ಮಗಳ ಬಾಲ್ಯದ ಮಂಚ, ಇವನ್ನು ‘ಒಂದೆರಡು ವರ್ಷದ ಮಟ್ಟಿಗೆ’ ಅಲ್ಲಿಡೋಣವೆಂದು ಅವರ ಆಲೋಚನೆ. ವರ್ಷಕ್ಕೆ ೧,೬೮೦ ಡಾಲರು. ಅಲ್ಲಿಡುವ ವಸ್ತುಗಳನ್ನು ಮಾರಿದರೆ ಅಷ್ಟು ಬರುವುದೇ ಎಂದು ಕೇಳಿದೆನು, ಬಾರದೆಂದರು. ಮತ್ತೆ ಕೊಳ್ಳುವುದಾದರೆ ಅಷ್ಟಾಗುವುದೇ ಎಂದೆನು, ಆಗದೆಂದರು. ಹಾಗಾದರೆ ಬಾಡಿಗೆ ಯಾವುದಕ್ಕೆ? ಕೆಲಸದ ಮೇಲೆ ಒಂದು ವರ್ಷ ಪರಸ್ಥಳಕ್ಕೆ ಹೋಗಿ ಮರಳಿ ಬರುವವರಿಗೆ ಇಂತಹ ಕೋಣೆ ಉಪಯುಕ್ತವಾದೀತು. ಮನೆಯನ್ನೇ ಮಾರಿದವರು ಹಿಡಿಯುವ ಕೋಣೆಯಲ್ಲಿ ಸಾಮಾನಿಗಿಂತ ಹೆಚ್ಚಾಗಿ ತೀರ್ಮಾನವನ್ನೇ ಬೀಗ ಹಾಕಿ ಇಟ್ಟಂತಾಗುವುದು. ಕಡೆಗೆ ಅದನ್ನು ತೆರೆದು ವಿಲೇವಾರಿ ಮಾಡಬೇಕಾದವಳು ಸಿಯಾಟಲಿನ ಮಗಳು. ಈ ಮಾತನ್ನು ನಾನು ಸ್ವಲ್ಪ ಖಂಡಿತವಾಗಿಯೇ ಆಡಿದೆನು. ಭಾವನವರಿಗೆ ಹಿಡಿಸಲಿಲ್ಲ; ಎರಡು ದಿನ ನನ್ನನ್ನು ‘ಮೇಷ್ಟ್ರೇ’ ಎನ್ನಲಿಲ್ಲ.

ಆದರೆ ಆ ಕೋಣೆಯ ಆಲೋಚನೆ ಹುಟ್ಟಿದುದೇ ಬೊಂಬೆಗಳಿಂದ. ವಾಚಕರಲ್ಲಿ ಮೈಸೂರು ಸೀಮೆಯವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ದಸರೆಯ ನವರಾತ್ರಿಯಲ್ಲಿ ಮೆಟ್ಟಿಲು ಕಟ್ಟಿ ಬೊಂಬೆಗಳನ್ನು ಕೂರಿಸುವರು. ಎಲ್ಲಕ್ಕೂ ಮೇಲೆ ಪಟ್ಟದ ಬೊಂಬೆಗಳು, ರಾಜ ರಾಣಿ. ಮಗಳ ಮದುವೆಯಲ್ಲಿ ಆ ಜೋಡಿಯನ್ನು ತಾಯಿ ಕೊಡುವುದು ನಮ್ಮಲ್ಲಿ ರೂಢಿ. ೧೯೮೪ರಲ್ಲಿ ಅಕ್ಕನ ಮದುವೆಯಲ್ಲಿ ಅಮ್ಮ ಮರದಲ್ಲಿ ಕಡೆದ ಜೋಡಿಯನ್ನು ಕೊಟ್ಟಳು. ಆ ಮೇಲೆ ಊರಿಗೆ ಬಂದಾಗಲೆಲ್ಲ ಅಕ್ಕ ಒಂದೆರಡನ್ನು ಸೀರೆಗಳ ಮಡಿಕೆಯಲ್ಲಿ ಸುತ್ತಿ ಕೊಂಡೊಯ್ದಳು. ಚನ್ನಪಟ್ಟಣದ ಅರಗಿನ ಬೊಂಬೆಗಳು, ಮಣ್ಣಿನ ದಶಾವತಾರ, ಮದುವೆಯ ದಿಬ್ಬಣ, ಸೆಟ್ಟಿಯ ಅಂಗಡಿ, ಹೀಗೆ ಎರಡು ಪೆಟ್ಟಿಗೆ. ತೂಕ ೧೪೬ ಪೌಂಡು. ತನ್ನ ೩೦೦ರಲ್ಲಿ ಅರ್ಧ. ಅವಳು ಅದಕ್ಕೂ ಸಿದ್ಧಳಾಗಿದ್ದಳು. ಆದರೆ ಗಾಡಿಯಲ್ಲಿ ಒಂಬತ್ತು ಮೆಟ್ಟಿಲು ಕಟ್ಟುವುದೆಲ್ಲಿ? ಮಣ್ಣಿನ ಬೊಂಬೆಗಳು ಹಳ್ಳದಿಣ್ಣೆಯ ದಾರಿಯಲ್ಲಿ ಎಷ್ಟು ದಿನ ಉಳಿದಾವು?

ಮಗಳು ತೆಗೆದುಕೊಳ್ಳುವಳೆಂದು ಅಕ್ಕ ನಂಬಿದ್ದಳು. ಒಂದು ಭಾನುವಾರ ದೂರವಾಣಿಯಲ್ಲಿ ಕೇಳಿದಳು. “ಅಮ್ಮಾ, ಇಡುವುದಕ್ಕೆ ನನಗೆ ಸ್ಥಳವೇ ಇಲ್ಲವಲ್ಲ. ನಾನು ಬೊಂಬೆ ಕೂರಿಸುವವಳೂ ಅಲ್ಲ” ಎಂದಳು ಮಗಳು. ಒರಟಾಗಿ ಹೇಳಲಿಲ್ಲ, ಬಹಳ ಮೆತ್ತಗೆ ಹೇಳಿದಳು. ಅಕ್ಕ ಆ ದಿನ ಊಟ ಮಾಡಲಿಲ್ಲ. ಮಕ್ಕಳು ಕೃತಘ್ನರೆಂದು ಇಲ್ಲಿ ಒಂದು ಉಪನ್ಯಾಸ ಕೊಡುವುದು ನನಗೆ ಸುಲಭ. ಆದರೆ ಆ ಹುಡುಗಿಯ ಮಾತಿನಲ್ಲಿ ತಪ್ಪೇನೆಂದು ನಾನು ರಾತ್ರಿಯೆಲ್ಲ ಹುಡುಕಿದರೂ ಕಾಣಲಿಲ್ಲ. ನಮ್ಮಮ್ಮನ ಕಡಗೋಲನ್ನೂ ಬೀಸುವ ಕಲ್ಲನ್ನೂ ನಾನೇನು ಮಾಡಿದೆನು? ಮೂರು ದಿನಗಳ ಅನಂತರ ಮಗಳೇ ಮತ್ತೆ ಕರೆದು, “ನನಗೆ ಒಂದು ಬೇಕು, ಕೊಡುತ್ತೀಯಾ?” ಎಂದು ಕೇಳಿದಳು. ಬೆಳ್ಳಿಯ ತಟ್ಟೆಯೋ ಸರವೋ ಎಂದು ನಾವು ಕಾದಿದ್ದರೆ, ಅವಳು ಕೇಳಿದುದು ಒಗ್ಗರಣೆ ಡಬ್ಬಿಯನ್ನು! ಮುಚ್ಚಳ ನೆಗ್ಗಿದ, ಏಳು ಬಟ್ಟಲಿನ ಆ ಉಕ್ಕಿನ ಡಬ್ಬಿಯನ್ನು ಅಕ್ಕ ದಿನಕ್ಕೆ ಮೂರು ಸಲ ತೆಗೆಯುವಳು. ಗಾಡಿಗೆ ಮೊದಲನೆಯ ದಿನವೇ ಹೋಗಿದ್ದ ವಸ್ತು ಅದು. ಅಕ್ಕ ಒಂದು ಕ್ಷಣ ಸುಮ್ಮನಿದ್ದು, ಸಾಸಿವೆ ಜೀರಿಗೆಗಳನ್ನು ತೆಗೆಯದೆ ಹಾಗೆಯೇ ಅಂಟು ಕಾಗದ ಸುತ್ತಿ ಅಂಚೆಗೆ ಹಾಕಿಸಿದಳು. ತಾನು ಪೇಟೆಯಿಂದ ಹೊಸದೊಂದನ್ನು ತಂದುಕೊಂಡಳು. ಅದರ ಮುಚ್ಚಳ ಸರಿಯಾಗಿ ಕೂರುವುದಿಲ್ಲವೆಂದು ಈಗಲೂ ಗೊಣಗುತ್ತಾಳೆ.

ಬೊಂಬೆಗಳ ಮಾರ್ಗ ಅದಾದ ಮೇಲೆ ತೆರೆಯಿತು. ಜುಲೈ ತಿಂಗಳ ಒಂದು ಶನಿವಾರ ಪರಿಚಯದ ಕನ್ನಡ ಮನೆಗಳ ಮಕ್ಕಳನ್ನು ಕರೆಸಿ, ನಡುಮನೆಯಲ್ಲಿ ಕಡೆಯ ಸಲಕ್ಕೆ ಒಂಬತ್ತು ಮೆಟ್ಟಿಲೂ ಕಟ್ಟಿದಳು. ದಸರೆಯಲ್ಲದ ಕಾಲದಲ್ಲಿ ಹೀಗೆ ಕಟ್ಟಬಹುದೇ ಎಂದು ನನ್ನನ್ನು ಕೇಳಿದಾಗ, ಧರ್ಮಶಾಸ್ತ್ರದಲ್ಲಿ ಗಾಲಿಯ ಮನೆಯ ಪ್ರಕರಣವಿಲ್ಲವೆಂದು ತಪ್ಪಿಸಿಕೊಂಡೆನು. ಪ್ರತಿ ಮಗುವೂ ತನಗೆ ಬೇಕಾದುದನ್ನು ಆರಿಸಿಕೊಳ್ಳಬಹುದು. ಆದರೆ ದಶಾವತಾರ, ದಿಬ್ಬಣ ಮುಂತಾದ ಕೂಟಗಳನ್ನು ಒಡೆಯದೆ ಒಂದೇ ಮನೆಗೆ ಕೊಡತಕ್ಕುದೆಂದು ನಿಯಮ. ಯಾವ ಬೊಂಬೆ ಯಾವ ಊರಿನ ಯಾವ ಅಂಗಡಿಯದು, ಯಾವ ವರ್ಷದ್ದು ಎಂಬುದನ್ನು ಅಕ್ಕ ಹೇಳುತ್ತ ಹೋದಳು, ನಾನು ಚೀಟಿಗಳಲ್ಲಿ ಬರೆದು ಬೊಂಬೆಗಳ ತಳಕ್ಕೆ ಅಂಟಿಸಿದೆನು. ಬಾಲ ಮುರಿದು ಗೋಂದಿನಿಂದ ಅಂಟಿಸಿದ್ದ ಮತ್ಸ್ಯಾವತಾರವನ್ನು ನೋಡಿ ಒಬ್ಬ ಹುಡುಗನು, “ಇದು ಹೇಗೆ ಮುರಿಯಿತು?” ಎಂದು ಕೇಳಿದನು. ನಾನು ಮುರಿದುದೆಂದು ಅಕ್ಕ ಹೇಳಿದಳು. ನಿಜವೇ, ೧೯೯೧ರಲ್ಲಿ ಊರಿನಲ್ಲಿಯೇ, ಅವಳ ಪೆಟ್ಟಿಗೆಯನ್ನು ಇಳಿಸುವಾಗ. ಅದನ್ನೂ ಚೀಟಿಯಲ್ಲಿ ಬರೆಯಿಸಿದಳು. ಸಂಜೆಗೆ ಮೆಟ್ಟಿಲುಗಳು ಬರಿದಾದುವು. ಮೇಲಿನ ಜೋಡಿ ಮಾತ್ರ ಉಳಿಯಿತು. ಅದರ ತೂಕ ಮೂರು ಪೌಂಡು.

ಇಲ್ಲಿ ಒಂದು ಮಾತನ್ನು ಹೇಳದಿದ್ದರೆ ಅನ್ಯಾಯವಾದೀತು. ಹೀಗೆ ತೂಗಿ ಆರಿಸುವ ಭಾಗ್ಯ ಎಲ್ಲರದೂ ಅಲ್ಲ. ೨೦೦೮ರ ಆರ್ಥಿಕ ಕುಸಿತದ ತರುವಾಯ ಮನೆಯನ್ನೂ ಉಳಿತಾಯವನ್ನೂ ಕಳೆದುಕೊಂಡು, ಬಾಡಿಗೆ ಕೊಡಲಾರದೆ ವ್ಯಾನುಗಳಲ್ಲಿ ವಾಸಮಾಡುತ್ತ, ಮುಪ್ಪಿನಲ್ಲಿಯೂ ಋತುವಿನಿಂದ ಋತುವಿಗೆ ಕೂಲಿ ಹುಡುಕಿಕೊಂಡು ಅಲೆಯುವವರು ಆ ದೇಶದಲ್ಲಿ ಅನೇಕರಿದ್ದಾರೆ. ಅವರ ವಿಚಾರವಾಗಿ ಜೆಸಿಕಾ ಬ್ರೂಡರ್ ಎಂಬಾಕೆ ೨೦೧೭ರಲ್ಲಿ ‘ನೋಮಾಡ್‌ಲ್ಯಾಂಡ್’ ಎಂಬ ಗ್ರಂಥವನ್ನು ಬರೆದಳು. ೨೦೨೦ರಲ್ಲಿ ಅದು ಚಲಚ್ಚಿತ್ರವೂ ಆಯಿತು. ಅಕ್ಕ ಭಾವಂದಿರ ತಂಗುದಾಣದಲ್ಲಿಯೇ ಅಂತಹ ಒಬ್ಬ ವೃದ್ಧೆ ಇದ್ದಳು. ಅಕ್ಕ ಹಂಚುತ್ತಿದ್ದ ಪಾತ್ರೆಗಳಲ್ಲಿ ಒಂದನ್ನು ಕೊಡಹೋದಾಗ ಆಕೆ ಅದನ್ನು ಕೈಯಲ್ಲಿ ತೂಗಿ ನೋಡಿ, ವಂದನೆ ಹೇಳಿ ಹಿಂದಿರುಗಿಸಿದಳು.

ಕಾಗದಪತ್ರಗಳ ವಿಷಯ ಸಣ್ಣದಾದರೂ ಅವಶ್ಯವಾದುದು. ಮನೆ ಗಾಲಿಯ ಮೇಲಿದ್ದರೂ ವಾಹನ ನಡೆಸುವ ಪರವಾನಗಿಗೆ, ತೆರಿಗೆಗೆ, ಮತದಾನಕ್ಕೆ ಒಂದು ವಿಳಾಸ ಬೇಕಷ್ಟೆ. ಇದಕ್ಕಾಗಿ ಇಂತಹವರಲ್ಲಿ ಬಹುಮಂದಿ ಟೆಕ್ಸಾಸ್, ಫ್ಲಾರಿಡಾ, ದಕ್ಷಿಣ ಡಕೋಟ ಈ ಮೂರು ಸಂಸ್ಥಾನಗಳಲ್ಲೊಂದನ್ನು ತಮ್ಮದೆಂದು ಆರಿಸಿಕೊಳ್ಳುತ್ತಾರೆ. ೧೯೭೮ರಲ್ಲಿ ಸ್ಥಾಪಿತವಾದ ‘ಎಸ್ಕೇಪೀಸ್’ ಎಂಬ ಇವರ ಸಂಘವು ಟೆಕ್ಸಾಸಿನ ಲಿವಿಂಗ್‌ಸ್ಟನ್ ಊರಿನಲ್ಲಿದ್ದು, ಸದಸ್ಯರ ಅಂಚೆಯನ್ನು ಅವರಿರುವಲ್ಲಿಗೆ ಕಳುಹಿಸಿಕೊಡುತ್ತದೆ. ಪೌರತ್ವದ ಪತ್ರ, ವಿವಾಹದ ದಾಖಲೆ, ವೈದ್ಯರ ಚೀಟಿಗಳು, ಮೃತ್ಯುಪತ್ರ, ಇವುಗಳ ಮೂಲಪ್ರತಿಗಳನ್ನು ಬೆಂಕಿ ತಗಲದ ಒಂದು ಸಣ್ಣ ಪೆಟ್ಟಿಗೆಯಲ್ಲಿಟ್ಟುಕೊಂಡರು. ನಕಲುಗಳು ಮಗಳ ಬಳಿ. ಹಳೆಯ ಬಿಲ್ಲುಗಳು, ೨೯ ವರ್ಷದ ವಿದ್ಯುಚ್ಛಕ್ತಿಯ ರಸೀತಿಗಳು ಹರಿದು ಹೋದುವು. ಹದಿನಾಲ್ಕು ಚಿತ್ರಸಂಪುಟಗಳನ್ನು ಯಂತ್ರದಲ್ಲಿ ನಕಲು ಮಾಡಿಸಿ, ಒಂದನ್ನು ಮಾತ್ರ ಕೈಯಲ್ಲಿ ತಿರುವುವುದಕ್ಕೆಂದು ಇಟ್ಟುಕೊಂಡರು.

ಆಗಸ್ಟಿನಲ್ಲಿ ಮನೆಯ ಕ್ರಯಪತ್ರವಾಯಿತು. ಹೊರಡುವ ದಿನ ನೀರಿನ ತೊಟ್ಟಿಯನ್ನು ತುಂಬಿಸಿ, ಹೆದ್ದಾರಿಯ ಬದಿಯಲ್ಲಿ ಲಾರಿಗಳನ್ನು ತೂಗುವ ಕಟ್ಟೆಯ ಮೇಲೆ ಗಾಡಿಯನ್ನು ನಿಲ್ಲಿಸಿದೆವು. ಅಲ್ಲಿ ಒಂದೊಂದು ಅಚ್ಚಿನ ಭಾರವನ್ನೂ ಬೇರೆ ಬೇರೆಯಾಗಿ ತೋರಿಸಿ ಚೀಟಿ ಕೊಡುತ್ತಾರೆ. ಟ್ರಕ್ಕನ್ನು ಬಿಡಿಸಿ ಮತ್ತೊಮ್ಮೆ ತೂಗಿಸಿ, ಕೂಡಿ ಕಳೆದು ಭಾವನವರು ಲೆಕ್ಕ ಹಾಕಿದರು: ೧೩,೬೪೦ ಪೌಂಡು. ಮಿತಿಗೆ ಇನ್ನೂ ೩೬೦ ಉಳಿದಿದ್ದಿತು. ಭಾವನವರು ಮುಗುಳ್ನಕ್ಕು ಚೀಟಿಯನ್ನು ಜೇಬಿಗಿಡುತ್ತಿರುವಾಗ ಅಕ್ಕ, “ಹಾಗಾದರೆ ರುಬ್ಬುವ ಯಂತ್ರ ಬರಬಹುದಾಗಿತ್ತು” ಎಂದಳು. ಯಾರೂ ಉತ್ತರ ಹೇಳಲಿಲ್ಲ. ನನ್ನನ್ನು ವಿಮಾನ ನಿಲ್ದಾಣದಲ್ಲಿ ಇಳಿಸಿ ಅವರು ಪಶ್ಚಿಮಕ್ಕೆ ಹೊರಟರು.

ಆ ವರ್ಷದ ದಸರೆ ಅಕ್ಟೋಬರಿನ ನಡುವೆ ಬಂದಿತು. ಅವರು ಆಗ ನ್ಯೂ ಮೆಕ್ಸಿಕೋ ಸಂಸ್ಥಾನದಲ್ಲಿದ್ದರು. ಅಕ್ಕ ಒಂದು ಚಿತ್ರವನ್ನು ಕಳುಹಿಸಿದಳು. ಗಾಡಿಯ ಬಾಗಿಲಿಗೆ ಮಡಿಚಿ ತೆಗೆಯುವ ಮೂರು ಮೆಟ್ಟಿಲುಗಳಿವೆ. ಅವುಗಳ ಮೇಲೆ ಕೆಂಪು ಸೀರೆಯೊಂದನ್ನು ಹಾಸಿ, ಮೇಲಿನದರಲ್ಲಿ ಅಮ್ಮ ಕೊಟ್ಟ ರಾಜ ರಾಣಿಯರನ್ನು ಕೂರಿಸಿದ್ದಳು. ಕೆಳಗಿನ ಎರಡರಲ್ಲಿ ಪಕ್ಕದ ಗಾಡಿಯ ಮಕ್ಕಳು ತಂದಿಟ್ಟ ಒಂದು ಬಟ್ಟೆಯ ಕರಡಿ, ಎರಡು ಆಟಿಕೆಯ ಲಾರಿಗಳು, ದಾರಿಯಲ್ಲಿ ಆಯ್ದ ಬಣ್ಣದ ಕಲ್ಲುಗಳು. ಪೂಜೆ ಮುಗಿಯುವ ತನಕ ಭಾವನವರು ಒಳಗೆ ಹೋಗುವುದಕ್ಕೆ ದಾರಿಯಿಲ್ಲದೆ ಹೊರಗೆ ಕುರ್ಚಿಯಲ್ಲಿ ಕುಳಿತಿದ್ದುದೂ ಚಿತ್ರದಲ್ಲಿ ಬಂದಿದೆ.

ಚಳಿಗಾಲವನ್ನು ಅರಿಜೋನದ ಕ್ವಾರ್ಟ್ಸೈಟ್ ಎಂಬಲ್ಲಿಯ ಮರುಭೂಮಿಯಲ್ಲಿ ಕಳೆದರು. ಸೆಪ್ಟೆಂಬರ್ ೧೫ರಿಂದ ಏಪ್ರಿಲ್ ೧೫ರವರೆಗೆ ಅಲ್ಲಿ ಸರಕಾರದ ಬಯಲಿನಲ್ಲಿ ಶುಲ್ಕ ಕೊಟ್ಟು ತಂಗಬಹುದು. ಜನವರಿಯ ವೇಳೆಗೆ ಗಾಡಿಗಳ ಒಂದು ಊರೇ ಎದ್ದು ನಿಲ್ಲುವುದಂತೆ. ಅಲ್ಲಿಂದ ಅಕ್ಕ ಕರೆದು ಮಾತನಾಡಿದಾಗ, ಸಂಕ್ರಾಂತಿಗೆ ಏನು ಕಳುಹಿಸಲೆಂದು ನಾನು ವಾಡಿಕೆಯಂತೆ ಕೇಳಿದೆನು. “ಪುಸ್ತಕ ಮಾತ್ರ ಬೇಡಪ್ಪಾ. ಸಾರಿನ ಪುಡಿ ಕಾಲು ಸೇರು ಸಾಕು, ಮುಗಿದ ಮೇಲೆ ಚೀಲ ಬಿಸಾಡಬಹುದು” ಎಂದಳು.